ಡಿಸ್ಕೋ ಬೀಟಿಗೆ ಹತ್ತು ರಾಗ: ತುಮಕೂರಿನ ನಮ್ಮ ಮಾಳಿಗೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಸಂಜೆ ಐದಾರು ಜನ ನಮ್ಮ ಮನೆ ಮಾಳಿಗೆಯಲ್ಲಿ ಸೇರುತ್ತೇವೆ. ಬಿ.ಎಚ್. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಮನೆ. ಲಾರಿ ಹಾರ್ನು ಕಮ್ಮಿಯಾದ ಮೇಲೆ ಒಂದು ಆಲ್ಬಂ ಹಾಕಿ, ಮಧ್ಯೆ ಮಾತಾಡದೆ ಪೂರ್ತಿ ಕೇಳುವುದು, ಆಮೇಲೆ ಕಾಫಿ, ಜಗಳ. ಅಷ್ಟೇ ನಮ್ಮ ಕೂಟ. ನಾನು ಹದಿನೈದು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವನು. ಈಗ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಇಲ್ಲಿ ಕೇಳಿಸಿದ ಆಲ್ಬಂಗಳಲ್ಲಿ ಅತಿ ಹೆಚ್ಚು ಪ್ರಶ್ನೆ ಎಬ್ಬಿಸಿದ್ದು ಚರಣ್‌ಜಿತ್ ಸಿಂಗ್ ಅವರ ಒಂದು ರೆಕಾರ್ಡು. ಒಂದೇ ಉತ್ತರವನ್ನು ಫೋನಿನಲ್ಲಿ ಹತ್ತು ಸಲ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ಯಾವ ಆಲ್ಬಂ ಇದು?

ಹೆಸರು ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. 1982ರದು. ಎಚ್‌ಎಂವಿ ನಾಯಿ ಗುರುತಿನ ಗ್ರಾಮೋಫೋನ್ ಕಂಪನಿ ಆಫ್ ಇಂಡಿಯಾ ಹೊರತಂದದ್ದು. ಒಂದು ಎಲ್‌ಪಿ, ಎರಡು ಮಗ್ಗುಲು, ಮಗ್ಗುಲಿಗೆ ಐದರಂತೆ ಹತ್ತು ಹಿಂದೂಸ್ತಾನಿ ರಾಗ. ಹಾಡುವವರು ಯಾರೂ ಇಲ್ಲ. ತಬಲಾ ಇಲ್ಲ, ಸಿತಾರ್ ಇಲ್ಲ, ಕೊಳಲಿಲ್ಲ. ಮೂರು ಮಷೀನು, ಅವುಗಳ ಮುಂದೆ ಒಬ್ಬ ಮನುಷ್ಯ. ಹೆಸರಿನಲ್ಲಿ ಇರುವುದೇ ಒಳಗೂ ಇದೆ, ಮೋಸ ಇಲ್ಲ.

ಚರಣ್‌ಜಿತ್ ಸಿಂಗ್ ಯಾರು? ದೊಡ್ಡ ಉಸ್ತಾದರಾ?

ಅಲ್ಲ. ನನಗೆ ಅವರು ಇಷ್ಟವಾಗುವುದೇ ಅದಕ್ಕೆ. ಮುಂಬೈನ ಹಿಂದಿ ಸಿನಿಮಾ ಸ್ಟುಡಿಯೋಗಳಲ್ಲಿ ದಿನಗೂಲಿಗೆ ಗಿಟಾರ್, ಬೇಸ್ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದ ವಾದ್ಯಗಾರ. ಶಂಕರ್-ಜೈಕಿಶನ್, ಆರ್.ಡಿ. ಬರ್ಮನ್ ಅಂಥವರ ರೆಕಾರ್ಡಿಂಗಿಗೆ ಹೋಗುತ್ತಿದ್ದವರು. ಹಾಡು ಊರೆಲ್ಲ ಮೊಳಗುತ್ತದೆ, ನುಡಿಸಿದವನ ಹೆಸರು ಕವರಿನ ಮೇಲೆ ಇರುವುದಿಲ್ಲ. ಆ ಜಾತಿಯ ಕೆಲಸ. ಅದರ ಜೊತೆಗೆ ತಮ್ಮದೇ ಆರ್ಕೆಸ್ಟ್ರಾ ಕಟ್ಟಿಕೊಂಡು ಮದುವೆಗಳಲ್ಲೂ ನುಡಿಸುತ್ತಿದ್ದರು. ಸಿನಿಮಾ ಹಾಡುಗಳನ್ನು ಗಿಟಾರಿನಲ್ಲಿ ನುಡಿಸಿದ ರೆಕಾರ್ಡುಗಳೂ ಇವೆ. 2015ರ ಜುಲೈನಲ್ಲಿ ಮುಂಬೈನಲ್ಲಿ ತೀರಿಕೊಂಡರು, 74 ವಯಸ್ಸು.

ಮದುವೆ ಆರ್ಕೆಸ್ಟ್ರಾ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಈ ಆಲ್ಬಂ ಬಗ್ಗೆ ಪರದೇಶದವರು ಬರೆದ ಎಷ್ಟೋ ವಿಮರ್ಶೆಗಳಲ್ಲಿ ಜಾರಿ ಹೋಗುವ ಸಂಗತಿ ಇದೇ.

ಮಷೀನುಗಳು ಯಾವುವು? ಕಂಪ್ಯೂಟರಾ?

ಕಂಪ್ಯೂಟರ್ ಅಲ್ಲ. ಮೂರೂ ಜಪಾನಿನ ರೋಲ್ಯಾಂಡ್ ಕಂಪನಿಯವು. ಸಿಂಗಾಪುರದಲ್ಲಿ ಕೊಂಡು ತಂದದ್ದು.

ಡ್ರಮ್ಮಿಗೆ ಟಿಆರ್-808. ಅದು 1980ರಲ್ಲಿ ಬಂದದ್ದು. ‘ಡುಪ್ ಡುಪ್’ ಅನ್ನುವ ದಪ್ಪ ಕಿಕ್, ‘ಟಿಸ್ ಟಿಸ್’ ಅನ್ನುವ ತೆಳು ತಾಳ. ರಾಗ ನುಡಿಸುವುದಕ್ಕೆ ಜ್ಯುಪಿಟರ್-8 ಎಂಬ ದೊಡ್ಡ ಸಿಂಥಸೈಜರ್, ಅಂದರೆ ಕರೆಂಟಿನಿಂದಲೇ ಶಬ್ದ ಹುಟ್ಟಿಸುವ ಕೀಬೋರ್ಡು, ಒಂದೇ ಸಲಕ್ಕೆ ಎಂಟು ಸ್ವರ ಹೊರಡಿಸುವಂಥದ್ದು. ಇನ್ನು ಮೂರನೆಯದು ಟಿಬಿ-303. ಎಲ್ಲ ಗಲಾಟೆ ಇದರದ್ದೇ.

303 ನೋಡಲು ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ, ಊಟದ ಡಬ್ಬಿಯನ್ನು ಚಪ್ಪಟೆ ಮಾಡಿದ ಹಾಗೆ. ಒಬ್ಬನೇ ಗಿಟಾರ್ ಅಭ್ಯಾಸ ಮಾಡುವವನಿಗೆ ಜೊತೆಗೆ ಬೇಸ್ ನುಡಿಸಲಿ ಅಂತ ಮಾಡಿದ್ದು. ಆದರೆ ಬೇಸ್ ಗಿಟಾರಿನ ಹಾಗೆ ಚೂರೂ ಕೇಳಿಸುವುದಿಲ್ಲ. ಅದಕ್ಕೆ ಸ್ವರ ತುಂಬುವ ಕ್ರಮವಂತೂ ದೇವರಿಗೇ ಪ್ರೀತಿ. ಮೊದಲು ಸ್ವರಗಳನ್ನೆಲ್ಲ ಸಾಲಾಗಿ ಒತ್ತಬೇಕು, ಆಮೇಲೆ ಅವುಗಳ ಕಾಲವನ್ನು ಬೇರೆಯಾಗಿ ಒತ್ತಬೇಕು. ಒಂದು ಸಾಲಿಗೆ ಹೆಚ್ಚೆಂದರೆ 16 ಹೆಜ್ಜೆ. ಜನ ಕೊಳ್ಳಲಿಲ್ಲ. 1984ರ ಹೊತ್ತಿಗೆ ಕಂಪನಿ ತಯಾರಿಸುವುದನ್ನೇ ಬಿಟ್ಟಿತು. ಆದರೆ ಅದರಲ್ಲಿ ಒಂದು ಗುಣ ಇತ್ತು. ‘ಸ್ಲೈಡ್’ ಅಂತ ಗುರುತು ಹಾಕಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾ ಹೋಗುತ್ತದೆ. ನಮ್ಮಲ್ಲಿ ಜಾರು ಅನ್ನುತ್ತೇವಲ್ಲ, ಹಾಗೆ. ಹಿಂದೂಸ್ತಾನಿಯವರ ಮೀಂಡ್. ಸಿಂಗ್ ಅವರು ಈ ಗುಣವನ್ನು ಹಿಡಿದುಕೊಂಡುಬಿಟ್ಟರು.

1982ರಲ್ಲಿ ಬಂದಾಗ ಜನ ಏನಂದರು?

ಏನೂ ಅನ್ನಲಿಲ್ಲ. ಇದೇ ಸತ್ಯ. ಕೆಲವು ತುಣುಕುಗಳು ರೇಡಿಯೋದಲ್ಲಿ ಬಂದವು, ರೆಕಾರ್ಡು ಮಾರಾಟ ಆಗಲಿಲ್ಲ, ಮರೆತುಹೋಯಿತು.

ಯಾಕೆ ಅಂತ ನನಗೆ ಒಂದು ಲೆಕ್ಕಾಚಾರ ಇದೆ. ಆಗ ಡಿಸ್ಕೋ ಅಂದರೆ ಹಾಡು. 1980ರಲ್ಲಿ ‘ಕುರ್ಬಾನಿ’ಯ ಹಾಡು ಬಂತು, 1981ರಲ್ಲಿ ನಾಜಿಯಾ ಹಸನ್ ಆಲ್ಬಂ ಬಂತು. ಎರಡನ್ನೂ ಮಾಡಿದ ಬಿದ್ದು ನಮ್ಮವರು, ಬೆಂಗಳೂರಿನಲ್ಲಿ ಹುಟ್ಟಿದವರು. ಕನ್ನಡದಲ್ಲಿ ಅದೇ 1981ರಲ್ಲಿ ಶಂಕರ್ ನಾಗ್ ‘ಗೀತಾ’ ಮಾಡಿದರು. ಅದರಲ್ಲಿ ಇಳಯರಾಜ ಮಾಡಿದ ‘ಸಂತೋಷಕ್ಕೆ’ ಇವತ್ತಿಗೂ ನಮ್ಮ ಆರ್ಕೆಸ್ಟ್ರಾಗಳಲ್ಲಿ ಬಿಡುವ ಹಾಗೇ ಇಲ್ಲ. ಇವೆಲ್ಲದರಲ್ಲಿ ಗಾಯಕ ಇದ್ದಾನೆ, ಪಲ್ಲವಿ ಇದೆ, ಕುಣಿಯುವ ಮುಖ ಇದೆ. ಸಿಂಗ್ ರೆಕಾರ್ಡಿನಲ್ಲಿ ಯಾವುದೂ ಇಲ್ಲ. ಡಿಸ್ಕೋ ಬೇಕಾದವನಿಗೆ ಹಾಡಿಲ್ಲ, ರಾಗ ಬೇಕಾದವನಿಗೆ ಆಲಾಪವಿಲ್ಲ. ಅಂಗಡಿಯವನಾದರೂ ಅದನ್ನು ಯಾವ ಕಪಾಟಿನಲ್ಲಿ ಇಡಬೇಕಿತ್ತು ಹೇಳಿ.

ಹಾಗಾದರೆ ಮತ್ತೆ ಸಿಕ್ಕಿದ್ದು ಹೇಗೆ?

ಎಡೋ ಬೌಮನ್ ಅನ್ನುವ ಡಚ್ ಸಂಗ್ರಾಹಕರಿಗೆ 2002ರಲ್ಲಿ ದಿಲ್ಲಿಯಲ್ಲಿ ಹಳೇ ರೆಕಾರ್ಡು ಹುಡುಕುವಾಗ ಇದು ಕೈಗೆ ಬಂತು. ಆಮೇಲೆ ಅವರು ಮುಂಬೈಗೆ ಬಂದು ಸಿಂಗ್ ಅವರನ್ನೇ ಪತ್ತೆ ಮಾಡಿದರು. 2010ರಲ್ಲಿ ತಮ್ಮ ‘ಬಾಂಬೆ ಕನೆಕ್ಷನ್’ ಲೇಬಲ್ಲಿನಿಂದ ಮತ್ತೆ ಹೊರತಂದರು. ಅಲ್ಲಿಂದ ಹಿಡಿಯಿತು. ಯುರೋಪಿನಲ್ಲಿ ಸಿಂಗ್ ಅವರನ್ನು ವೇದಿಕೆಗೇ ಕರೆಸಿಕೊಂಡರು. ಎಪ್ಪತ್ತು ದಾಟಿದ ಮನುಷ್ಯ, ಮುಂದೆ ಕುಣಿಯುವ ಇಪ್ಪತ್ತರ ಹುಡುಗರು. ಆ ವಿಡಿಯೋಗಳನ್ನು ನೋಡಿ. ಅವರ ಮುಖದಲ್ಲಿ ಅಚ್ಚರಿ ಏನೂ ಇಲ್ಲ. ಆರತಕ್ಷತೆಯಲ್ಲಿ ಕೀಬೋರ್ಡಿನ ಮುಂದೆ ನಿಂತವರ ಮುಖ ಹೇಗಿರುತ್ತದೋ ಹಾಗೇ ಇದೆ: ತಾಳ ತಪ್ಪದಿದ್ದರೆ ಸಾಕು.

‘ಆಸಿಡ್ ಹೌಸ್ ಕಂಡುಹಿಡಿದ ಭಾರತೀಯ’ ಅಂತಾರಲ್ಲ, ನಿಜಾನಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸ್ವಲ್ಪ ಕೂತು ಓದಿ.

ಆಸಿಡ್ ಹೌಸ್ ಅನ್ನುವುದು ಅಮೆರಿಕದ ಶಿಕಾಗೋದಲ್ಲಿ ಹುಟ್ಟಿದ ಕುಣಿತದ ಸಂಗೀತ. ಅಲ್ಲಿನ ಕಪ್ಪು ಹುಡುಗರು, ಯಾರೂ ಕೊಳ್ಳದೆ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗವಾಗಿ ಬಿದ್ದಿದ್ದ 303 ಡಬ್ಬಿಗಳನ್ನು ತಂದು ಅದರ ಗುಂಡಿಗಳನ್ನು ಬೇಕಾಬಿಟ್ಟಿ ತಿರುಗಿಸಿದರು. ಮಷೀನು ಕೀರಲು ದನಿಯಲ್ಲಿ ಕುಯ್ಯಿಗುಟ್ಟಿತು. ಅದೇ ಚೆನ್ನಾಗಿದೆ ಅನ್ನಿಸಿತು. ‘ಫ್ಯೂಚರ್’ ತಂಡದ ‘ಆಸಿಡ್ ಟ್ರ್ಯಾಕ್ಸ್’ 1987ರಲ್ಲಿ ಹೊರಬಂತು. ಸಿಂಗ್ ಅವರ ರೆಕಾರ್ಡು ಅದಕ್ಕಿಂತ ಐದು ವರ್ಷ ಹಳೆಯದು, ಅದೇ 303, ಅದೇ ಉರುಳುವ ಬೇಸ್. ಕೇಳಿದವರು ಬೆಚ್ಚಿಬಿದ್ದದ್ದು ಸಹಜ. ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆ 2011ರಲ್ಲಿ ಅವರ ಜೊತೆ ಮಾತಾಡಿ ಬರೆಯಿತು. ‘ಗೊತ್ತಿಲ್ಲದೇ ಆಸಿಡ್ ಹೌಸ್ ಕಂಡುಹಿಡಿದವರು’ ಅನ್ನುವ ಕಥೆ ಅಲ್ಲಿಂದ ಊರೆಲ್ಲ ಹಬ್ಬಿತು.

ನನ್ನ ಉತ್ತರ: ಅಲ್ಲ. ಕಂಡುಹಿಡಿಯುವುದು ಅಂದರೆ ಅದರಿಂದ ಮುಂದಕ್ಕೆ ಒಂದು ದಾರಿ ಬೀಳಬೇಕು. ಶಿಕಾಗೋದ ಹುಡುಗರು ಈ ರೆಕಾರ್ಡನ್ನು ಕೇಳಿರಲಿಲ್ಲ. ಸಿಂಗ್ ಅವರಿಗೂ ಶಿಕಾಗೋದ ಸುದ್ದಿ ಇರಲಿಲ್ಲ. ಅಲ್ಲದೆ 303 ಬಳಸಿದ್ದರಲ್ಲಿ ಅವರೊಬ್ಬರೇ ಮೊದಲು ಅನ್ನುವುದೂ ತಪ್ಪು. ಬ್ರಿಟನ್ನಿನ ‘ಹೆವೆನ್ 17’ ತಂಡ ಅದೇ 1982ರಲ್ಲಿ ಒಂದು ಹಾಡಿಗೆ ಅದನ್ನು ಹಾಕಿತ್ತು. ಇನ್ನು ಆಸಿಡ್‌ನ ಜೀವ ಇರುವುದು ಗುಂಡಿ ತಿರುಗಿಸಿ ಶಬ್ದವನ್ನು ಹಿಂಡುವುದರಲ್ಲಿ. ಸಿಂಗ್ ಅದನ್ನು ಅಷ್ಟಾಗಿ ಮಾಡುವುದಿಲ್ಲ. ಅವರ 303 ಶಿಸ್ತಾಗಿ ಓಡುತ್ತದೆ.

ಹಾಗಿದ್ದೂ ಎರಡೂ ಅಷ್ಟೊಂದು ಒಂದೇ ಥರ ಕೇಳಿಸುವುದು ಯಾಕೆ? ಕಾರಣ ಸುಲಭ, ಆದರೆ ಬರೆದವರು ಕಮ್ಮಿ. ಸಿನಿಮಾ ಹಾಡಿನಲ್ಲಿ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ಬದಲಾಗುತ್ತಾ ಇರುತ್ತದೆ. ಸಿ ಮೇಜರ್ ಹಿಡಿದು ಎಫ್‌ಗೆ ಹೋಗಿ ಜಿ ಮುಟ್ಟಿ ವಾಪಸ್ ಬರುತ್ತೇವೆ. ರಾಗದಲ್ಲಿ ಅದಿಲ್ಲ. ಷಡ್ಜ, ಅಂದರೆ ‘ಸ’, ಒಂದೇ ಕಡೆ ಕೂತಿರುತ್ತದೆ, ಏನಿದ್ದರೂ ಅದರ ಸುತ್ತಲೇ ಸುತ್ತಾಟ. ಸಿಂಗ್ ಅವರ ಬೇಸ್ ರಾಗದ ಸ್ವರ ಬಿಟ್ಟು ಆಚೆ ಹೋಗುವ ಹಾಗಿಲ್ಲ, ಹಾಗಾಗಿ ಅದೇ ಸುತ್ತು ಮತ್ತೆ ಮತ್ತೆ. ಆಸಿಡ್ ಹೌಸಿನಲ್ಲೂ ಕಾರ್ಡ್ ಬದಲಾವಣೆ ಇಲ್ಲ, ಒಂದೇ ಸುತ್ತು ಗಂಟೆಗಟ್ಟಲೆ. ಇಲ್ಲಿ ರಾಗದ ಕಟ್ಟುಪಾಡು, ಅಲ್ಲಿ ರಾತ್ರಿಯಿಡೀ ಕುಣಿಯುವ ಹುಚ್ಚು. ದಾರಿ ಬೇರೆ, ಬಂದು ನಿಂತ ಜಾಗ ಒಂದೇ. ನನಗೆ ಇದು ‘ಮೊದಲು ಕಂಡುಹಿಡಿದವರು’ ಅನ್ನುವುದಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಸಿಂಗ್ ಅವರೇ ಪತ್ರಿಕೆಗೆ ಹೇಳಿದ್ದು ಇನ್ನೂ ಸರಳ. ಆಗ ಸಿನಿಮಾದಲ್ಲಿ ಎಲ್ಲೆಲ್ಲೂ ಡಿಸ್ಕೋ ಇತ್ತು, ಅದೇ ಬೀಟಿಗೆ ರಾಗ ನುಡಿಸಿ ತಬಲಾ ತೆಗೆದುಬಿಟ್ಟರೆ ಹೇಗೆ ಅಂತ ಅನ್ನಿಸಿತು, ಮಾಡಿದೆ. ಇದು ಆರ್ಕೆಸ್ಟ್ರಾದವನ ಯೋಚನೆ. ಸಭೆಯಲ್ಲಿ ಅಜ್ಜನೂ ಇದ್ದಾನೆ, ಮೊಮ್ಮಗನೂ ಇದ್ದಾನೆ, ಇಬ್ಬರಿಗೂ ಒಂದೇ ಪೀಸಿನಲ್ಲಿ ಏನಾದರೂ ಕೊಡಬೇಕು ಅಲ್ವಾ?

ಇದೆಲ್ಲ ಯಾರೋ ಮಾಡಿದ ತಮಾಷೆ, ಹಳೇ ರೆಕಾರ್ಡೇ ಅಲ್ಲ ಅಂತ ಓದಿದ್ದೆ?

ಮರುಬಿಡುಗಡೆ ಆದಾಗ ಹಾಗೊಂದು ಗುಮಾನಿ ಹಬ್ಬಿದ್ದು ನಿಜ. ಏಫೆಕ್ಸ್ ಟ್ವಿನ್ ಅನ್ನುವ ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತಗಾರ ಗುಟ್ಟಾಗಿ ಮಾಡಿ ಹಳೇ ಕವರು ಹಾಕಿದ್ದಾನೆ ಅಂದರು. ಸುಳ್ಳು. ರೆಕಾರ್ಡು ಇತ್ತು, ಮನುಷ್ಯನೂ ಇದ್ದರು. ಮುಂಬೈನ ಸಿನಿಮಾ ವಾದ್ಯಗಾರನೊಬ್ಬ 1982ರಲ್ಲಿ ಇಂಥದ್ದು ಮಾಡಿರಬಹುದು ಎಂದು ನಂಬುವುದಕ್ಕಿಂತ ಇಂಗ್ಲೆಂಡಿನವನ ಕುಚೇಷ್ಟೆ ಎಂದು ನಂಬುವುದೇ ಕೆಲವರಿಗೆ ಸುಲಭವಾಯಿತಲ್ಲ, ಅದು ನನಗೆ ಸ್ವಲ್ಪ ಚುಚ್ಚುತ್ತದೆ.

ನಮ್ಮಲ್ಲಿ ಎಲೆಕ್ಟ್ರಾನಿಕ್ ಸಂಗೀತ ಇವರಿಂದಲೇ ಶುರುವಾಯಿತಾ?

ಇಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇಟ್ಟು ಸ್ಟುಡಿಯೋ ಮಾಡಿದ್ದರು. ಅಲ್ಲಿನ ಟೇಪುಗಳು 2023ರಲ್ಲಿ ಆಲ್ಬಂ ಆಗಿ ಬಂದವು. ಅದು ಪ್ರಯೋಗಶಾಲೆಯ ಕೆಲಸ. ಇದು ಮಾರುಕಟ್ಟೆಗೆ ಅಂತ ಮಾಡಿ, ಮಾರಾಟವಾಗದೆ ಪ್ರಯೋಗ ಅನ್ನಿಸಿಕೊಂಡದ್ದು.

ಸಂಗೀತ ಕಲಿತವರು ಇದನ್ನು ಒಪ್ಪುತ್ತಾರಾ?

ನಮ್ಮ ಬೀದಿಯಲ್ಲಿ ಒಬ್ಬ ವೀಣೆ ಮೇಡಂ ಇದ್ದಾರೆ. ಒಂದು ಭಾನುವಾರ ಅವರನ್ನೂ ಕರೆದೆ. ಹೆಸರು ಹೇಳದೆ ಎರಡನೇ ಮಗ್ಗುಲಿನ ನಾಲ್ಕನೆಯದು ಹಾಕಿದೆ. ಅರ್ಧ ನಿಮಿಷ ಸುಮ್ಮನಿದ್ದರು. ಎಡಗೈ ಬೆರಳು ಮಡಿಲಲ್ಲೇ ತಂತಿ ಒತ್ತುವ ಹಾಗೆ ಅಲ್ಲಾಡುತ್ತಿತ್ತು.

“ಹಿಂದೋಳ ಅಲ್ವೇನಪ್ಪಾ?”

“ಹೌದು ಮೇಡಂ. ಹಿಂದೂಸ್ತಾನಿಯವರು ಮಾಲ್ಕೌಂಸ್ ಅಂತಾರೆ.”

“ಸ್ವರ ಎಲ್ಲ ಸರಿಯಾಗಿದೆ. ಆದ್ರೆ ನಿಲ್ಲೋದೇ ಇಲ್ವಲ್ಲ. ಧೈವತದ ಮೇಲೆ ಒಂದು ಕ್ಷಣ ನಿಂತ್ರೆ ಏನು ಕಳ್ಕೊಳ್ತಿದ್ರು?”

ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾರೂ ಹೇಳಿಲ್ಲ. ಈ ಆಲ್ಬಂನ ದೊಡ್ಡ ಕೊರತೆ ಅದೇ. ರಾಗಕ್ಕೆ ಉಸಿರಾಡುವ ಜಾಗ ಬೇಕು. ಬೆಳಗಿನ ಜಾವದ ಲಲಿತ್ ರಾಗವೂ ನಡುರಾತ್ರಿಯ ಮಾಲ್ಕೌಂಸೂ ಇಲ್ಲಿ ಒಂದೇ ಓಟದಲ್ಲಿ ಓಡುತ್ತವೆ. ಒಂದೊಂದಕ್ಕೂ ಸುಮಾರು ಐದು ನಿಮಿಷ, ಅಷ್ಟರಲ್ಲಿ ಮುಗಿಸಬೇಕು. ಹಾಗಂತ ಮೇಡಂ ಎದ್ದು ಹೋಗಲಿಲ್ಲ. “ಇನ್ನೊಂದು ಹಾಕು” ಅಂದರು. ಮೂರು ಕೇಳಿದರು. ಕಲಾವತಿ ಬಂದಾಗ ಜ್ಯುಪಿಟರ್‌ನಲ್ಲಿ ಸ್ವರ ಬಾಗಿಸುವ ಒಂದು ಜಾಗ ಇದೆ, ಅಲ್ಲಿ “ಆಹಾ, ಇಲ್ಲಿ ಜಾರು ಹಾಕ್ದ ನೋಡು” ಅಂತ ನಕ್ಕರು.

ಯಂತ್ರದಲ್ಲಿ ರಾಗ ಬರುತ್ತದಾ ಅನ್ನುವ ಜಗಳವೇನೂ ಹೊಸದಲ್ಲ. ನಮ್ಮ ಜಿಲ್ಲೆಯ ಗುಬ್ಬಿಯಿಂದ ಹೊರಟ ನಾಟಕ ಕಂಪನಿ ಹಾರ್ಮೋನಿಯಂ ಇಲ್ಲದೆ ಒಂದು ದಿನ ನಡೆಯುತ್ತಿರಲಿಲ್ಲ. ಅದೇ ಹಾರ್ಮೋನಿಯಂನಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವುದು, ಬರುವುದಿಲ್ಲ ಅಂತ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರವರೆಗೂ ಆ ನಿಷೇಧ ಸಡಿಲವಾಗಲಿಲ್ಲ. ರಂಗದ ಮೇಲೆ ರಾಜ, ರೇಡಿಯೋ ಬಾಗಿಲಲ್ಲಿ ಕಳ್ಳ! ಹೀಗೆ ನೋಡಿದರೆ 303 ಡಬ್ಬಿ ಹಾರ್ಮೋನಿಯಂಗಿಂತ ಒಂದು ಕೈ ಮೇಲು. ಅದಕ್ಕೆ ಜಾರುವುದಕ್ಕಾದರೂ ಬರುತ್ತದೆ.

ಈ ಹತ್ತು ರಾಗ ನಮ್ಮ ಕರ್ನಾಟಕ ಸಂಗೀತದಲ್ಲಿ ಯಾವುವು?

ಭೂಪಾಲಿ ಅಂದರೆ ನಮ್ಮ ಮೋಹನ. ಮಾಲ್ಕೌಂಸ್ ಹಿಂದೋಳ, ಆಗಲೇ ಹೇಳಿದೆ. ಯಮನ್ ನಮ್ಮ ಕಲ್ಯಾಣಿಗೆ ಹತ್ತಿರ. ಕಲಾವತಿಗೆ ವಲಜಿ, ಬೈರಾಗಿಗೆ ರೇವತಿ, ಮಧುವಂತಿಗೆ ಧರ್ಮವತಿ ಹತ್ತಿರ. ಮೇಘ ಮಲ್ಹಾರ್ ಕೇಳುವಾಗ ಮಧ್ಯಮಾವತಿ ನೆನಪಾಗುತ್ತದೆ. ಎಚ್ಚರ ಇರಬೇಕಾದ್ದು ತೋಡಿಯಲ್ಲಿ. ಅವರ ತೋಡಿ ನಮ್ಮ ತೋಡಿ ಅಲ್ಲ, ಶುಭಪಂತುವರಾಳಿಯ ಸ್ವರಗಳು. ನಮ್ಮ ತೋಡಿಯ ಸ್ವರಗಳು ಅವರ ಭೈರವಿಯಲ್ಲಿ ಸಿಗುತ್ತವೆ. ನಮ್ಮ ಭೈರವಿ ಮತ್ತೆ ಬೇರೆಯೇ. ಲಲಿತ್‌ನಲ್ಲಿ ಪಂಚಮವಿಲ್ಲ, ಮಧ್ಯಮ ಎರಡೂ ಇವೆ. ನಮ್ಮಲ್ಲಿ ಅದಕ್ಕೆ ಸರಿಸಾಟಿ ಇಲ್ಲ.

ಹತ್ತೂ ಒಂದೇ ಥರ, ಬೋರ್ ಆಗಲ್ವಾ?

ಆಗುತ್ತೆ. ಒಂದೇ ಸಲಕ್ಕೆ ಹತ್ತೂ ಕೇಳಬೇಡಿ. ಕಿಕ್ ಡ್ರಮ್ ಎಲ್ಲದರಲ್ಲೂ ಒಂದೇ. ಆರನೆಯದಕ್ಕೆ ಬರುವಷ್ಟರಲ್ಲಿ ಕಿವಿ ಸೋತಿರುತ್ತದೆ. ನಮ್ಮ ಕೂಟದಲ್ಲಿ ಪೂರ್ತಿ ಕೇಳುವ ನಿಯಮವನ್ನು ಮುರಿದದ್ದು ಇದೊಂದಕ್ಕೇ.

ಮಾಧ್ಯಮದಲ್ಲಿ ಇದನ್ನು ಹೇಗೆ ಬಳಸಿದ್ದಾರೆ?

ಮೊದಲು ರೇಡಿಯೋ, ಅದೂ ತುಣುಕು. 2010ರ ನಂತರ ಎರಡು ಥರ. ಒಂದು, ಕ್ಲಬ್ಬುಗಳಲ್ಲಿ ಡಿಜೆಗಳು ತಮ್ಮ ಸೆಟ್ಟಿನ ಮಧ್ಯೆ ಸೇರಿಸುವುದು. ಜನ ಹೊಸದು ಅಂದುಕೊಂಡು ಕುಣಿದ ಮೇಲೆ ಇಸವಿ ಹೇಳಿ ಬೆರಗಾಗಿಸುವುದು. ಇನ್ನೊಂದು, ಸುದ್ದಿಯಾಗಿ ಬಳಸುವುದು. ಪತ್ರಿಕೆ, ವಿಡಿಯೋ, ಪಾಡ್‌ಕಾಸ್ಟ್ ಎಲ್ಲದರಲ್ಲೂ ಅದೇ ನಾಲ್ಕು ಸಾಲು: ಮುಂಬೈ, 303, ಶಿಕಾಗೋಗಿಂತ ಐದು ವರ್ಷ ಮೊದಲು, ಯಾರಿಗೂ ಗೊತ್ತಿರಲಿಲ್ಲ. ಹಿನ್ನೆಲೆಯಲ್ಲಿ ಭೈರವಿಯ ಹತ್ತು ಸೆಕೆಂಡು, ಯಾಕಂದರೆ ಅದು ಮೊದಲನೇ ಟ್ರ್ಯಾಕು. ಎರಡನೆಯದು ಹಾಕುವಷ್ಟು ವ್ಯವಧಾನ ಯಾರಿಗೆ ಇದೆ? ಕಥೆ ಸಂಗೀತವನ್ನೇ ನುಂಗಿಬಿಟ್ಟಿತು. ಆದರೆ ಆ ಕಥೆ ಇಲ್ಲದಿದ್ದರೆ ತುಮಕೂರಿನ ಮಾಳಿಗೆಯವರೆಗೆ ರೆಕಾರ್ಡೂ ಬರುತ್ತಿರಲಿಲ್ಲ. ಬೈಯುವ ಹಾಗೂ ಇಲ್ಲ.

ನನ್ನ ಶಾರ್ಟ್ ಫಿಲ್ಮಿಗೆ ಇದರ ಒಂದು ತುಣುಕು ಹಾಕಿಕೊಳ್ಳಬಹುದಾ?

ಕೇಳದೆ ಹಾಕಬೇಡಿ. ಅನುಭವದ ಮಾತು.

ಕೆಲವು ವರ್ಷದ ಹಿಂದೆ ಒಂದು ಕಾಲೇಜಿನ ಹುಡುಗರಿಗೆ ಶಾರ್ಟ್ ಫಿಲ್ಮ್ ಎಡಿಟ್ ಮಾಡಿಕೊಟ್ಟೆ. ಅಮಾನಿಕೆರೆ ದಂಡೆಯ ಮೇಲೆ ಮಳೆ ಬರುವ ಸೀನು, ಹುಡುಗ ಸೈಕಲ್ ತಳ್ಳಿಕೊಂಡು ಬರುತ್ತಾನೆ. ಮಳೆಗೆ ಮೇಘ ಮಲ್ಹಾರ್ ಅಂತ ನಲವತ್ತು ಸೆಕೆಂಡು ಹಾಕಿದೆ. ಏನು ಚೆನ್ನಾಗಿ ಕೂತಿತ್ತು ಅಂತೀರಿ! ವಿಡಿಯೋ ಸೈಟಿಗೆ ಏರಿಸಿದ್ದೇ ತಡ, ಹಕ್ಕುದಾರರ ಆಕ್ಷೇಪ ಇದೆ ಅಂತ ಮೇಲ್ ಬಂತು. ನೋಡಲಿಲ್ಲ. ಸಂಜೆ ಸಭಾಂಗಣದಲ್ಲಿ ಪ್ರೊಜೆಕ್ಟರಿನವನು ಅದೇ ಲಿಂಕ್ ಒತ್ತಿದ. ಪೂರ್ತಿ ಫಿಲ್ಮಿನ ಶಬ್ದವೇ ಮಾಯ. ಹುಡುಗ ಬಾಯಿ ಆಡಿಸುತ್ತಾನೆ, ಮಳೆ ಸದ್ದಿಲ್ಲದೆ ಬೀಳುತ್ತದೆ. ತೀರ್ಪುಗಾರರೊಬ್ಬರು ‘ಮೌನವನ್ನು ದಿಟ್ಟವಾಗಿ ಬಳಸಿದ್ದೀರಿ’ ಅಂದರು. ಹುಡುಗರು ನನ್ನ ಮುಖ ನೋಡಿದರು. ಮಾರನೇ ದಿನ ನನ್ನ ಹಳೇ ಕ್ಯಾಸಿಯೋದಲ್ಲಿ ಮಧ್ಯಮಾವತಿ ಬಾರಿಸಿ ಬೇರೆ ಕಾಪಿ ಮಾಡಿಕೊಟ್ಟೆ.

ನಿಯಮ ಹೀಗಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. 1982ರ ರೆಕಾರ್ಡು ಅಂದರೆ 2042 ಮುಗಿಯುವವರೆಗೆ. ಸಂಗೀತ ರಚನೆಯ ಹಕ್ಕು ಬೇರೆ ಲೆಕ್ಕ: ರಚಿಸಿದವರು ತೀರಿಕೊಂಡ ಮರುವರ್ಷದಿಂದ 60, ಅಂದರೆ ಇಲ್ಲಿ 2075ರ ಕೊನೆ. ಹಾಕಲೇಬೇಕು ಅಂದರೆ ಲೇಬಲ್ಲಿಗೆ ಬರೆದು ಕೇಳಿ, ಉತ್ತರ ಬರಹದಲ್ಲೇ ತೆಗೆದುಕೊಳ್ಳಿ. ಮೂಲ ಹೊರತಂದ ಗ್ರಾಮೋಫೋನ್ ಕಂಪನಿಯ ಈಗಿನ ಹೆಸರು ಸಾರೆಗಾಮ. ಕೇಳುವುದನ್ನು ಅಲ್ಲಿಂದ ಶುರು ಮಾಡಿ.

30 ಸೆಕೆಂಡಿಗಿಂತ ಕಮ್ಮಿ ಬಳಸಿದರೆ ಪರವಾಗಿಲ್ಲ ಅಂತಾರಲ್ಲ?

ಯಾರೋ ಹೇಳಿದ ಗಾಳಿಮಾತು. ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕ ಇಲ್ಲ. ವಿಮರ್ಶೆ ಮಾಡುವಾಗ ನ್ಯಾಯವಾದ ಮಟ್ಟಿಗೆ ತುಣುಕು ಬಳಸಲು ಅವಕಾಶ ಇದೆ. ಆಲ್ಬಂ ಬಗ್ಗೆ ಮಾತಾಡುತ್ತಾ ‘ಇಲ್ಲಿ ಬೇಸ್ ಕೇಳಿ’ ಅಂತ ತೋರಿಸುವುದು ಬೇರೆ, ನಿಮ್ಮ ಮಳೆ ಸೀನಿಗೆ ಅಂದ ಹೆಚ್ಚಿಸಿಕೊಳ್ಳುವುದು ಬೇರೆ.

ಮದುವೆಯಲ್ಲಿ ಹಾಕಬಹುದಾ?

ಮದುವೆ ಮೆರವಣಿಗೆ, ಮದುವೆಗೆ ಸೇರಿದ ಸಂಭ್ರಮಗಳಲ್ಲಿ ರೆಕಾರ್ಡು ಹಾಕುವುದಕ್ಕೆ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಆದರೆ ಅದು ಅಲ್ಲಿ ಕೇಳಿಸುವುದಕ್ಕೆ. ಅದನ್ನೇ ವಿಡಿಯೋಗೆ ಅಂಟಿಸಿ ಸೈಟಿಗೆ ಹಾಕಿದರೆ ಆ ವಿನಾಯಿತಿ ಹಿಡಿದುಕೊಂಡು ಕೂರಬೇಡಿ. ನನ್ನ ಗಿರಾಕಿಗಳಿಗೆ ಇದನ್ನು ತಿಳಿಸಿಹೇಳುವುದರಲ್ಲೇ ಅರ್ಧ ಆಯುಸ್ಸು ಹೋಗುತ್ತಿದೆ.

ರಾಗಕ್ಕೇ ಕಾಪಿರೈಟ್ ಇದೆಯಾ? ನಾನೇ ನುಡಿಸಿದರೆ?

ರಾಗ ಯಾರ ಸ್ವತ್ತೂ ಅಲ್ಲ. ಮೋಹನ ರಾಗವನ್ನು ಡಿಸ್ಕೋ ಬೀಟಿಗೆ ನೀವೂ ನುಡಿಸಿ, ಯಾರೂ ಕೇಳುವುದಿಲ್ಲ. ಸಿಂಗ್ ಅವರು ಕಟ್ಟಿದ ಸಾಲನ್ನೇ ಸ್ವರಕ್ಕೆ ಸ್ವರ ಇಳಿಸಿದರೆ ಮಾತ್ರ ತಕರಾರು. 303, 808 ಶಬ್ದ ಬರುವ ಆಪ್‌ಗಳು ಈಗ ಫೋನಿನಲ್ಲೇ ಸಿಗುತ್ತವೆ. ಬೇಸಿನಲ್ಲಿ ರಾಗದ ನಾಲ್ಕೈದು ಸ್ವರ ಮಾತ್ರ ತುಂಬಿ, ಒಂದೆರಡಕ್ಕೆ ಸ್ಲೈಡ್ ಹಾಕಿ. ಎಲ್ಲದಕ್ಕೂ ಹಾಕಿದರೆ ತೂಕಡಿಸುವವನ ಆಲಾಪ ಆಗುತ್ತದೆ.

ಮಾತಿನ ಕೆಳಗೆ ಇಂಥ ಸಂಗೀತ ಕೂರುತ್ತದಾ?

ಕಷ್ಟ. ಬೇಸ್ ಬಿಡುವಿಲ್ಲದೆ ಓಡುತ್ತಾ ಇರುವುದರಿಂದ ಗಂಡಸಿನ ದನಿಗೆ ಅಡ್ಡ ಬರುತ್ತದೆ. ಮಾತಿಲ್ಲದ ಜಾಗಕ್ಕೆ ಚೆನ್ನ. ಹೆದ್ದಾರಿ, ಮಾರ್ಕೆಟ್ಟು, ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಟ್ಟೆಗಳು ಒಂದರ ಮೇಲೊಂದು ಏರುವುದು. ಕೈಕೆಲಸದ ಓಟ ಇರುವ ಕಡೆ ಹೇಳಿ ಮಾಡಿಸಿದ ಹಾಗೆ ಇರುತ್ತದೆ.

ಯಾವುದರಿಂದ ಶುರು ಮಾಡಲಿ? ಯಾವುದರಲ್ಲಿ ಕೇಳಲಿ?

ಭೂಪಾಲಿಯಿಂದ. ಕಿವಿಗೆ ಗೊತ್ತಿರುವ ಸ್ವರಗಳು, ಮೋಸ ಆಗುವುದಿಲ್ಲ. ಆಮೇಲೆ ಕಲಾವತಿ. ಫೋನ್ ಸ್ಪೀಕರಿನಲ್ಲಿ ಮಾತ್ರ ಬೇಡ, ಅದರಲ್ಲಿ 303 ಸೊಳ್ಳೆಯ ಹಾಗೆ ಕೇಳಿಸುತ್ತದೆ. ಹೆಡ್‌ಫೋನ್ ಪರವಾಗಿಲ್ಲ.

ನಾನು ಅತಿ ಚೆನ್ನಾಗಿ ಕೇಳಿದ್ದು ಸ್ನೇಹಿತನ ಸೌಂಡ್ ಸಿಸ್ಟಮ್ ಗೋಡೌನಿನಲ್ಲಿ. ಗಣೇಶನ ಹಬ್ಬಕ್ಕೆ ಎರಡು ದಿನ ಇತ್ತು. ಬೇಸ್ ಬಾಕ್ಸ್ ಟೆಸ್ಟ್ ಮಾಡಬೇಕಿತ್ತು, ನನ್ನ ಫೋನಿನಿಂದ ಕಲಾವತಿ ಹಾಕಿದೆ. ಶಟರ್ ನಡುಗಿತು. ವೈರ್ ಸುತ್ತುತ್ತಿದ್ದ ಹುಡುಗ ಕೈ ನಿಲ್ಲಿಸಿದ.

“ಯಾವ ಡಿಜೆದಣ್ಣಾ ಇದು?”

“ಡಿಜೆ ಅಲ್ಲ ಕಣೋ, 1982ರದು. ಮದುವೆ ಆರ್ಕೆಸ್ಟ್ರಾದವರು.”

ಅವನು ಎರಡು ನಿಮಿಷ ತಲೆ ಆಡಿಸುತ್ತಾ ಕೇಳಿದ. ಆಮೇಲೆ ವೈರ್ ಕೆಳಗಿಟ್ಟು ಫೋನ್ ತೆಗೆದ.

“ನಂಬರ್ ಇದ್ರೆ ಕೊಡಿ. ನಮ್ಮ ಏರಿಯಾ ಗಣಪತಿ ಬಿಡೋ ದಿನಕ್ಕೆ ಬರ್ತಾರಾ ಕೇಳೋಣ.”